ಮನೆ ಬಾಗಿಲಿನಿಂದ ಆಪರೇಷನ್ ಟೇಬಲಿನವರೆಗೆ

ತ್ರಿಪ್ಪುಣಿತ್ತುರದಲ್ಲಿ ಕೊಚ್ಚಿ ಮೆಟ್ರೊ ಹತ್ತಿದವರು ಸ್ವಲ್ಪ ಹೊತ್ತಿಗೆಲ್ಲ ಟೌನ್ ಹಾಲ್ ನಿಲ್ದಾಣದಲ್ಲಿ ಇಳಿಯಬಹುದು. ನಿಲ್ದಾಣಕ್ಕೆ ಹೆಸರು ಕೊಟ್ಟ ಆ ಎರ್ನಾಕುಲಂ ಟೌನ್ ಹಾಲ್ 1971ರ ಜುಲೈ ತಿಂಗಳಿಡೀ ಆಪರೇಷನ್ ಥಿಯೇಟರ್ ಆಗಿತ್ತು. ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ಏರ್ಪಡಿಸಿದ ಶಿಬಿರದಲ್ಲಿ 62,913 ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡರು. 505 ಹೆಂಗಸರ ಟ್ಯೂಬೆಕ್ಟಮಿ ಸೇರಿಸಿದರೆ ಒಟ್ಟು 63,418. ಅದಕ್ಕೂ ಮುಂಚೆ, 1970ರ ಕೊನೆಯಲ್ಲಿ ನಡೆದ ಮೊದಲ ಶಿಬಿರದಲ್ಲಿ ಆಗಿದ್ದು 15,005. ಒಂದೇ ಊರಿನಲ್ಲಿ ಒಂದೇ ತಿಂಗಳಲ್ಲಿ ಇಷ್ಟು ಆಪರೇಷನ್ ಅಂದಿಗೆ ಜಗತ್ತಿನಲ್ಲೆಲ್ಲೂ ಕೇಳದ ಸಂಗತಿ. ಕೃಷ್ಣಕುಮಾರ್ ಅದರ ಕುರಿತು ಬರೆದ ಲೇಖನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು.

ಅರ್ಧ ಶತಮಾನದ ನಂತರ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ, ದೇಶದಲ್ಲಿ ಪುರುಷರ ಸಂತಾನಹರಣ ಚಿಕಿತ್ಸೆಯ ಪಾಲು ಶೇ. 0.3. ಮಹಿಳೆಯರದು ಶೇ. 37.9. ಗಂಡಸು ಲೆಕ್ಕದಿಂದ ಹೆಚ್ಚುಕಡಿಮೆ ಮಾಯವಾಗಿದ್ದಾನೆ. ಜನರನ್ನು ಆಸ್ಪತ್ರೆಗೆ ಕರೆತರುವ ಕೆಲಸವೂ ಕಲೆಕ್ಟರ್, ಪಂಚಾಯಿತಿ ಅಧ್ಯಕ್ಷ, ತಹಶೀಲ್ದಾರರ ಕೈಯಿಂದ ಜಾರಿ ಊರಿನದೇ ಒಬ್ಬ ಹೆಣ್ಣುಮಗಳ ಹೆಗಲಿಗೆ ಬಂದಿದೆ. ಆಕೆಗೆ ಸರ್ಕಾರ ಕೊಟ್ಟ ಹೆಸರು ಆಶಾ ಕಾರ್ಯಕರ್ತೆ. ಕಾಗದದಲ್ಲಿ ಆಕೆ ಸ್ವಯಂಸೇವಕಿ.

2025ರ ಫೆಬ್ರುವರಿ 10ರಂದು ಅದೇ ಕೇರಳದ ಆಶಾ ಕಾರ್ಯಕರ್ತೆಯರ ಒಂದು ಸಂಘಟನೆ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಹಗಲಿರುಳು ಧರಣಿ ಕೂತಿತು. ಆಗ ಅವರ ಮಾಸಿಕ ಗೌರವಧನ 7,000 ರೂಪಾಯಿ. ಕೇಳಿದ್ದು 21,000. ಮಾರ್ಚ್ ಕೊನೆಯಲ್ಲಿ ಕೆಲವರು ಬೀದಿಯಲ್ಲೇ ತಲೆಗೂದಲು ಕತ್ತರಿಸಿಕೊಂಡರು. ತಿಂಗಳಿಗೆ ಒಂದು ಸಾವಿರ ಹೆಚ್ಚಿಸುವ ಘೋಷಣೆ ಬಂದ ಮೇಲೆ ನವೆಂಬರ್ ಆರಂಭದಲ್ಲಿ ಅಲ್ಲಿಂದ ಎದ್ದರು.

ಸರ್ಕಾರದ ಕುಟುಂಬ ಯೋಜನೆ ಜನರನ್ನು ತಲುಪುವುದು ಯಾರ ಮೂಲಕ, ಆ ನಡುವಿನ ವ್ಯಕ್ತಿ ಸೇವೆಯನ್ನು ಹತ್ತಿರ ತರುತ್ತಾಳೋ ಅಥವಾ ಸರ್ಕಾರಕ್ಕೆ ಬೇಕಾದ ಸೇವೆಯತ್ತ ಹೆಂಗಸರನ್ನು ನಡೆಸಿಕೊಂಡು ಹೋಗುತ್ತಾಳೋ ಎಂಬ ವಾದಕ್ಕೆ ಈಗ ಸುಮಾರು ಐವತ್ತು ವರ್ಷ. ವೈದ್ಯರು, ಅರ್ಥಶಾಸ್ತ್ರಜ್ಞರು, ಸ್ತ್ರೀವಾದಿಗಳು, ಕಾರ್ಮಿಕ ಸಂಘಟನೆಯವರು ಇದಕ್ಕೆ ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದು ಅಪರೂಪ.

ಮೈಸೂರಿನ ಆದೇಶ, ರಾಮನಗರದ ಮಣಿಸರ

ಸಂತಾನ ನಿಯಂತ್ರಣವನ್ನು ಸರ್ಕಾರವೇ ಮೈಮೇಲೆ ಹಾಕಿಕೊಂಡ ಕಥೆ ಕನ್ನಡ ನೆಲದಲ್ಲೇ ಶುರುವಾಗುತ್ತದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್ 11ರಂದು, ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರಿ ಮಟ್ಟದಲ್ಲಿ ಇದೇ ಜಗತ್ತಿನ ಮೊದಲನೆಯದು ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಐದು ವರ್ಷದ ನಂತರ, 1935ರ ಕೊನೆಯಲ್ಲಿ, ತಿರುವನಂತಪುರದಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಭಾಷಣ ಮಾಡಿದರು. ಕ್ಯಾಥೊಲಿಕ್ ಸದಸ್ಯೆಯರು ಬಲವಾಗಿ ವಿರೋಧಿಸಿದರೂ ಸಂತಾನ ನಿಯಂತ್ರಣದ ಪರ ನಿರ್ಣಯ ಅಂಗೀಕಾರವಾಯಿತು. ನಗರದ, ಓದಿದ ಮಹಿಳೆಯರ ಚರ್ಚೆ ಅದು. ಚಿಕಿತ್ಸಾಲಯದ ಬಾಗಿಲು ತೆರೆದಿದ್ದರೂ ಹಳ್ಳಿಯ ಹೆಂಗಸಿಗೆ ಅಲ್ಲಿಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರಿಗೆ ಒಪ್ಪಿಗೆಯಾಗಿದ್ದದ್ದು ದಿನ ಎಣಿಸುವ ವಿಧಾನ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದಿಲ್ಲಿಯ ಲೋಧಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಅದರ ಪ್ರಯೋಗ ನಡೆಯಿತು. ಸುರಕ್ಷಿತ ದಿನಕ್ಕೊಂದು ಬಣ್ಣ, ಅಪಾಯದ ದಿನಕ್ಕೊಂದು ಬಣ್ಣ ಎಂದು ಮಣಿಸರ ಪೋಣಿಸಿ ಹೆಂಗಸರಿಗೆ ಕೊಟ್ಟರು. ಕಲಿಯಲು ಆಸಕ್ತಿ ತೋರಿಸಿದವರು ಸಾಕಷ್ಟಿದ್ದರು, ಕೊನೆತನಕ ಪಾಲಿಸಿದವರು ತೀರಾ ಕಡಿಮೆ. ವಿಧಾನ ಎಷ್ಟೇ ಅಗ್ಗವಾಗಿರಲಿ, ಪದೇಪದೇ ಬಂದು ಅನುಮಾನ ಪರಿಹರಿಸುವ ಮನುಷ್ಯರಿಲ್ಲದೆ ಅದು ಮನೆಯೊಳಗೆ ನಿಲ್ಲುವುದಿಲ್ಲ ಎಂಬುದನ್ನು ರಾಮನಗರ ಆಗಲೇ ತೋರಿಸಿಕೊಟ್ಟಿತ್ತು. ಅದನ್ನು ಯೋಜನೆ ಮಾಡುವವರು ಗಮನಿಸಲಿಲ್ಲ. ಹೊಸ ಸಾಧನ ಬಂದರೆ ಎಲ್ಲ ಸರಿಹೋಗುತ್ತದೆ ಎಂದೇ ಅವರು ನಂಬಿದ್ದರು.

1965ರಲ್ಲಿ ಗರ್ಭಕೋಶದೊಳಗೆ ಇಡುವ ಲೂಪ್ ಬಂತು. ರಕ್ತಸ್ರಾವದ ದೂರು ಕೇಳುವವರಿಲ್ಲದೆ ಕೆಲವೇ ವರ್ಷದಲ್ಲಿ ಅದರ ಹೆಸರು ಕೆಟ್ಟಿತು. 1968ರಲ್ಲಿ ನಿರೋಧ್ ಕಾಂಡೋಮ್ ಬಂತು. ಚಹಾಪುಡಿ, ಸಾಬೂನು ಮಾರುವ ದೊಡ್ಡ ಕಂಪನಿಗಳ ಜಾಲದ ಮೂಲಕ ಮೂರಕ್ಕೆ 15 ಪೈಸೆಯಂತೆ ಅದು ಅಂಗಡಿ ತಲುಪಿತು. ಕಾಂಡೋಮ್ ತಯಾರಿಸಲೆಂದೇ 1966ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಲೇಟೆಕ್ಸ್ ತಿರುವನಂತಪುರದ ಪೇರೂರ್ಕಡದಲ್ಲಿ 1969ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಅದರ ಕಾರ್ಖಾನೆ ಬಂತು. ಹೀಗೆ ಸಾಮಗ್ರಿಯ ಮಟ್ಟಿಗೆ ಕೇರಳವೂ ಕರ್ನಾಟಕವೂ ದೇಶಕ್ಕೆಲ್ಲ ಸರಬರಾಜು ಮಾಡುವ ಜಾಗಗಳಾದವು. ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆ ಬಂದವು. ಕೊರತೆ ಇದ್ದದ್ದು ಮಾತಾಡುವವರದು.

ಎರ್ನಾಕುಲಂ ಮಾದರಿ, ಅದರ ನೆರಳು

ಎರ್ನಾಕುಲಂ ಆ ಕೊರತೆಯನ್ನು ಒಂದೇ ಹೊಡೆತಕ್ಕೆ ತುಂಬಿತು. ಇಡೀ ಜಿಲ್ಲಾಡಳಿತ, ಪಂಚಾಯಿತಿ, ಸ್ವಯಂಸೇವಕರು ಪ್ರಚಾರಕ್ಕಿಳಿದರು. ಬಂದವರಿಗೆ ನಗದು, ಅಕ್ಕಿ, ಬಟ್ಟೆ. ಕೂಲಿಯಾಳಿನ ತಿಂಗಳ ಸಂಪಾದನೆಗೆ ಅದು ಹತ್ತಿರವಿತ್ತೆಂದು ಆ ಕಾಲದ ವಿಶ್ಲೇಷಣೆಗಳು ಹೇಳುತ್ತವೆ. ಕರೆತಂದವರಿಗೂ ಇಷ್ಟೆಂದು ಹಣವಿತ್ತು. ಜುಲೈ ಎಂದರೆ ಕೇರಳದಲ್ಲಿ ಕರ್ಕಾಟಕ ಮಾಸ ಕಾಲಿಡುವ ಹೊತ್ತು, ತುಳುನಾಡಿನ ಆಟಿ. ಮಳೆಗೆ ಕೆಲಸವಿಲ್ಲದ, ಒಲೆ ಉರಿಯುವುದೇ ಕಷ್ಟವಾದ ದಿನಗಳು. ಶಿಬಿರದ ಯಶಸ್ಸನ್ನು ಹೊಗಳುವವರು ಈ ಪಂಚಾಂಗವನ್ನು ಮರೆಯುವುದುಂಟು.

ಗುಜರಾತ್ ಕೆಲವೇ ತಿಂಗಳಲ್ಲಿ ಈ ಮಾದರಿಯನ್ನು ಹಿಡಿಯಿತು. ಉಳಿದ ರಾಜ್ಯಗಳೂ ಹಿಂಬಾಲಿಸಿದವು. ತುರ್ತುಪರಿಸ್ಥಿತಿ ಬಂದಾಗ ಉಡುಗೊರೆಯ ಜಾಗದಲ್ಲಿ ಬೆದರಿಕೆ ನಿಂತಿತು. 1976–77ರ ಒಂದೇ ವರ್ಷದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ, ಅದರಲ್ಲಿ ಮುಕ್ಕಾಲು ಪಾಲು ಗಂಡಸರದು. 1977ರ ಚುನಾವಣೆಯಲ್ಲಿ ಉತ್ತರ ಭಾರತ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು. ಕುಟುಂಬ ಯೋಜನೆ ಇಲಾಖೆ ‘ಕುಟುಂಬ ಕಲ್ಯಾಣ’ ಎಂದು ಹೆಸರು ಬದಲಿಸಿಕೊಂಡಿತು. ರಾಜಕಾರಣಿಗಳು ಗಂಡಸರ ತಂಟೆ ಬಿಟ್ಟರು, ಲ್ಯಾಪರೊಸ್ಕೋಪ್ ಬಂತು, ಆಪರೇಷನ್ ಹೆಂಗಸರ ಪಾಲಾಯಿತು.

ಅದೇ 1977ರ ಗಾಂಧಿ ಜಯಂತಿಯಂದು ಜನತಾ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಆರಂಭಿಸಿತು. ಸಾವಿರ ಜನಕ್ಕೊಬ್ಬರು, ಮೂರು ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ. ಆಯ್ಕೆಯಾದವರಲ್ಲಿ ಹೆಚ್ಚಿನವರು ಗಂಡಸರು. ಅವರು ನೌಕರಿ ಕಾಯಂ ಮಾಡಿ ಎಂದು ಕೇಳಿದರು, ಸರ್ಕಾರ ಸ್ವಯಂಸೇವಕರೆಂದು ಹೆಸರು ತಿದ್ದಿತು, ಯೋಜನೆ ಸೊರಗಿ ಸತ್ತಿತು. ಇದು ಇಂದಿನ ಆಶಾ ವಿವಾದದ ಪೂರ್ವರಂಗ. ಛತ್ತೀಸ್‌ಗಢದ ‘ಮಿತಾನಿನ್’ ಆರೋಗ್ಯ ಕಾರ್ಯಕರ್ತೆಯರ ಅನುಭವವನ್ನು ಎದುರಿಗಿಟ್ಟುಕೊಂಡು 2005ರ ಏಪ್ರಿಲ್ 12ರಂದು ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾಳನ್ನು ತಂದಾಗ ಹಳೆಯ ಎರಡು ಪಾಠಗಳಲ್ಲಿ ಒಂದನ್ನೇ ಕಲಿತಿತ್ತು: ಈ ಬಾರಿ ಹೆಣ್ಣುಮಕ್ಕಳನ್ನೇ ಆರಿಸಿತು. ಸಂಬಳದ ಪಾಠವನ್ನು ಪಕ್ಕಕ್ಕಿಟ್ಟಿತು.

‘ತಲುಪಿಸಿದರೆ ತಗೊಳ್ಳುತ್ತಾರೆ’

ಮೊದಲ ಪಂಥದ ವಾದ ಸರಳ. ಹೆಂಗಸರಿಗೆ ಬೇಕಿದೆ, ಸಿಗುತ್ತಿಲ್ಲ. ದೂರ, ನಾಚಿಕೆ, ಅತ್ತೆಯ ಅಪ್ಪಣೆ, ಒಂದು ದಿನದ ಕೂಲಿ ಇವೇ ಅಡ್ಡಿ. ನೆರೆಮನೆಯ ಹೆಣ್ಣುಮಗಳು ಮಾತ್ರೆಯನ್ನು ಮನೆಗೇ ತಂದುಕೊಟ್ಟರೆ ಅಡ್ಡಿ ಕರಗುತ್ತದೆ.

ಇದಕ್ಕೆ ಗಟ್ಟಿ ಸಾಕ್ಷಿ ಬಾಂಗ್ಲಾದೇಶದ ಮತ್ಲಬ್. 1975ರಲ್ಲಿ ಅಲ್ಲಿ ಮೊದಲು ವಯಸ್ಸಾದ, ಓದುಬರಹ ಬಾರದ ಹಳ್ಳಿ ಹೆಂಗಸರ ಕೈಲಿ ಮಾತ್ರೆ ಹಂಚಿಸಿದರು. ಆರಂಭದ ಉತ್ಸಾಹ ಬೇಗ ಇಳಿಯಿತು. 1977ರಲ್ಲಿ ಓದಿದ, ತಾವೇ ಗರ್ಭನಿರೋಧಕ ಬಳಸುವ ಯುವ ಗೃಹಿಣಿಯರನ್ನು ನೇಮಿಸಿ, ಮಾತ್ರೆ, ಚುಚ್ಚುಮದ್ದು, ಕಾಂಡೋಮ್, ಕಾಪರ್ ಟಿ ಎಲ್ಲವನ್ನೂ ಮುಂದಿಟ್ಟು, ಅಡ್ಡಪರಿಣಾಮವಾದರೆ ನೋಡಿಕೊಳ್ಳುವ ಚಿಕಿತ್ಸಾಲಯವನ್ನೂ ಹಿಂದಿಟ್ಟರು. ಒಂದೂವರೆ ವರ್ಷದಲ್ಲಿ ಬಳಕೆ ಶೇ. 8ರ ಆಸುಪಾಸಿನಿಂದ ಶೇ. 30 ದಾಟಿತು. ಹಳ್ಳಿ ಅದೇ, ಬಡತನ ಅದೇ. ಬದಲಾದದ್ದು ಬರುವವಳು ಮತ್ತು ಅವಳ ಚೀಲದಲ್ಲಿದ್ದದ್ದು. ಮನೆಗೇ ತಂದುಕೊಡುವುದರಿಂದ ಹೆಂಗಸರು ಮನೆಯೊಳಗೇ ಉಳಿಯುವಂತಾಯಿತು ಎಂಬ ಸ್ತ್ರೀವಾದಿ ಆಕ್ಷೇಪವೂ ಅಲ್ಲಿಂದಲೇ ಬಂತು.

ಭಾರತ 2011ರಲ್ಲಿ ಆಶಾ ಮೂಲಕ ಮನೆಗೆ ಗರ್ಭನಿರೋಧಕ ತಲುಪಿಸುವ ಯೋಜನೆ ತಂದಿತು. ಮೂರು ಕಾಂಡೋಮಿನ ಪೊಟ್ಟಣಕ್ಕೆ ಒಂದು ರೂಪಾಯಿ, ತಿಂಗಳ ಮಾತ್ರೆಗೆ ಒಂದು, ತುರ್ತು ಮಾತ್ರೆಗೆ ಎರಡು. ಆ ಚಿಲ್ಲರೆ ಆಕೆಗೇ. 2017ರಲ್ಲಿ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಸರ್ಕಾರಿ ಪಟ್ಟಿ ಸೇರಿದವು. ಪಟ್ಟಿ ಉದ್ದವಾಯಿತು. ಆದರೆ 2019–21ರ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57 ಮಂದಿ ಆಪರೇಷನ್ ಆದವರು. ಕೇರಳದಲ್ಲಿ ಈ ಪಾಲು ಶೇ. 47ರ ಆಸುಪಾಸಿನಲ್ಲಿತ್ತು. ತಲುಪಿಸುವ ಕೈ ಇದ್ದರೂ ಹೆಂಗಸರು ಹಿಡಿದ ದಾರಿ ಹಳೆಯದೇ ಏಕೆ ಎಂಬುದಕ್ಕೆ ಈ ಪಂಥದಲ್ಲಿ ಉತ್ತರವಿಲ್ಲ.

ಓದಿದ ಹೆಣ್ಣು, ಬದಲಾದ ಮನೆ

ಎರಡನೆಯವರು ಆಶಾಳನ್ನೂ ಶಿಬಿರವನ್ನೂ ಬದಿಗೆ ಸರಿಸುತ್ತಾರೆ. ಕೇರಳದಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು ಹೆಣ್ಣುಮಕ್ಕಳು ಓದಿದ್ದರಿಂದ, ಶಿಶುಮರಣ ತಗ್ಗಿದ್ದರಿಂದ, ಭೂಸುಧಾರಣೆಯಿಂದ ಎನ್ನುತ್ತಾರೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ 1975ರ ವರದಿ ಈ ‘ಕೇರಳ ಮಾದರಿ’ಯ ಚರ್ಚೆಗೆ ತಳಹದಿ ಹಾಕಿತು. ಅಮರ್ತ್ಯ ಸೇನ್ ಇದನ್ನೇ ಚೀನಾದೊಂದಿಗೆ ತೂಗಿ ನೋಡಿದರು: 1979ರಿಂದ 1991ರ ನಡುವೆ ಚೀನಾದ ಫಲವತ್ತತೆ ದರ 2.8ರಿಂದ 2.0ಕ್ಕೆ ಇಳಿದರೆ ಕೇರಳದ್ದು ಬಲವಂತವಿಲ್ಲದೆಯೇ 3.0ರಿಂದ 1.8ಕ್ಕೆ ಇಳಿಯಿತು.

ಕರ್ನಾಟಕದ್ದು ಇದಕ್ಕಿಂತ ತೊಡಕಿನ ಕಥೆ. ಬೆಂಗಳೂರಿನ ಪಿ. ಎಚ್. ರೆಡ್ಡಿ, ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೂತು ಮಾಡಿದ ಅಧ್ಯಯನ 1988ರಲ್ಲಿ ಪುಸ್ತಕವಾಯಿತು. ಮಕ್ಕಳನ್ನು ಓದಿಸುವ ಖರ್ಚು ಏರಿದಂತೆ ಮನೆಯ ಲೆಕ್ಕಾಚಾರ ಬದಲಾಗಿದ್ದನ್ನು ಅವರು ಕಂಡರು, ಸರ್ಕಾರಿ ಕಾರ್ಯಕ್ರಮದ ಒತ್ತಡವನ್ನೂ ಕಂಡರು. ಎರಡನ್ನೂ ಬಿಡಿಸಿ ಇಡುವುದು ಸುಲಭವಾಗಿರಲಿಲ್ಲ.

ಇತಿಹಾಸಕಾರ್ತಿ ಜೆ. ದೇವಿಕಾ ಕೇರಳದ ಹೊಗಳಿಕೆಗೆ ಕೊಂಚ ತಣ್ಣೀರು ಎರಚುತ್ತಾರೆ. ಮಲಯಾಳಿ ಸಮಾಜ ಕುಟುಂಬ ಯೋಜನೆಯನ್ನು ಅಪ್ಪಿಕೊಂಡದ್ದು ಹೆಣ್ಣಿನ ಸ್ವಾತಂತ್ರ್ಯದ ಹೆಸರಿನಲ್ಲಿ ಕಡಿಮೆ, ಅಚ್ಚುಕಟ್ಟಾದ ಮನೆ ನಡೆಸುವ ಜವಾಬ್ದಾರಿಯುತ ಗೃಹಿಣಿಯ ಆದರ್ಶದ ಹೆಸರಿನಲ್ಲಿ ಹೆಚ್ಚು ಎಂಬುದು ಅವರ ವಾದದ ದಿಕ್ಕು. ಹಾಗೆ ನೋಡಿದರೆ ಅಕ್ಷರಸ್ಥ ರಾಜ್ಯದಲ್ಲೂ ಆಪರೇಷನ್ ಹೆಣ್ಣಿನ ಮೈಮೇಲೇ ನಡೆದದ್ದು ಆಶ್ಚರ್ಯ ಹುಟ್ಟಿಸುವುದಿಲ್ಲ.

ಕೇಸಿಗಿಷ್ಟು ಎಂಬ ದರಪಟ್ಟಿ

ಮೂರನೆಯವರು ಹಣದ ಜಾಡು ಹಿಡಿಯುತ್ತಾರೆ. ಕೇಂದ್ರದ 2007ರ ದರದಂತೆ ಟ್ಯೂಬೆಕ್ಟಮಿಗೆ ಕರೆತಂದವರಿಗೆ 150 ರೂಪಾಯಿ, ವ್ಯಾಸೆಕ್ಟಮಿಗೆ 200. ಆಮೇಲೆ ಬಂದ ದರದಂತೆ ಹೆರಿಗೆಯ ನಂತರ ವಂಕಿ (ಕಾಪರ್ ಟಿ) ಹಾಕಿಸಲು ಜೊತೆಗೆ ಹೋದರೆ 150. 2012ರಲ್ಲಿ ಆಯ್ದ ರಾಜ್ಯಗಳಿಗೆ ಬಂದ ಯೋಜನೆಯಲ್ಲಿ ಮದುವೆಯಾಗಿ ಎರಡು ವರ್ಷ ಮಗು ಮುಂದೂಡಿಸಿದರೆ 500, ಮೊದಲ ಮಗುವಿನ ನಂತರ ಮೂರು ವರ್ಷ ಅಂತರ ಇರಿಸಿದರೆ 500, ಎರಡು ಮಕ್ಕಳಿಗೆ ಶಾಶ್ವತ ವಿಧಾನಕ್ಕೆ ಒಪ್ಪಿಸಿದರೆ 1,000.

ಈ ಅಂಕಿಗಳನ್ನು ಆಶಾಳ ಜಾಗದಲ್ಲಿ ನಿಂತು ಓದಬೇಕು. ಕಾಂಡೋಮ್ ಕೊಟ್ಟರೆ ರೂಪಾಯಿ, ಆಪರೇಷನ್ ಮಾಡಿಸಿದರೆ ನೂರು ಇನ್ನೂರು. ಮಾತ್ರೆ ನುಂಗುವವಳ ಮನೆಗೆ ಪ್ರತಿ ತಿಂಗಳು ಹೋಗಬೇಕು. ಆಪರೇಷನ್ ಆದವಳ ಕಡತ ಒಂದೇ ಸಲಕ್ಕೆ ಮುಗಿಯುತ್ತದೆ. ಆಶಾ ಕಾರ್ಯಕರ್ತೆಯರು ಹೆಂಗಸರನ್ನು ತಪ್ಪು ದಾರಿಗೆಳೆಯುತ್ತಾರೆ ಎಂಬ ಆರೋಪಕ್ಕೆ ಇಲ್ಲಿ ಆಧಾರ ಹುಡುಕುವವರಿದ್ದಾರೆ. ಆದರೆ ತಕ್ಕಡಿಯನ್ನು ವಾಲಿಸಿಟ್ಟು ಕೈಗೆ ಕೊಟ್ಟವರು ಬೇರೆ. ಅವಳ ಪ್ರಾಮಾಣಿಕತೆಯನ್ನು ಪ್ರಶ್ನಿಸುವ ಮೊದಲು ಆ ಬೆಲೆಪಟ್ಟಿಯನ್ನು ಪ್ರಶ್ನಿಸುವುದು ನ್ಯಾಯ.

ಗುರಿ ನಿಗದಿಪಡಿಸುವ ಪದ್ಧತಿಯನ್ನು ಭಾರತ 1996ರಲ್ಲೇ ಅಧಿಕೃತವಾಗಿ ಕೈಬಿಟ್ಟಿದೆ. ಜನಸಂಖ್ಯೆ ಕುರಿತ ಕೈರೊ ಸಮ್ಮೇಳನದ ಒಪ್ಪಂದದ ನಂತರದ ಮಾತದು. ಗುರಿ ಬೇರೆ ಹೆಸರಿನಲ್ಲಿ ಉಳಿಯಿತೆಂಬ ದೂರಿಗೆ 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ನಡೆದದ್ದು ಭೀಕರ ಪುಷ್ಟಿ ಕೊಟ್ಟಿತು. ಒಬ್ಬ ವೈದ್ಯ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದ ಆ ಶಿಬಿರ ಮತ್ತು ಸುತ್ತಲಿನ ಶಿಬಿರಗಳಿಗೆ ಬಂದವರಲ್ಲಿ 13 ಮಂದಿ ಸತ್ತರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು. ಎರ್ನಾಕುಲಂ ಮಾದರಿ ಕಾನೂನಿನ ಕಣ್ಣಲ್ಲಿ ಮುಗಿದದ್ದು ಅಂದು.

ಸೇವಕಿಯೋ, ಕೆಲಸಗಾರ್ತಿಯೋ

1977ರಲ್ಲಿ ಡೇವಿಡ್ ವರ್ನರ್ ಎಂಬ ಅಮೆರಿಕದ ಆರೋಗ್ಯ ಕಾರ್ಯಕರ್ತ ಒಂದು ಮೊನಚು ಪ್ರಶ್ನೆ ಎತ್ತಿದ್ದರು: ಹಳ್ಳಿಯ ಆರೋಗ್ಯ ಕಾರ್ಯಕರ್ತ ವ್ಯವಸ್ಥೆಯ ಆಳೋ, ಜನರ ವಿಮೋಚಕನೋ? ಆಶಾ ಯೋಜನೆ ಎರಡೂ ಆಗಬೇಕೆಂದು ಬಯಸಿತು. ಆಕೆ ಸಂಪರ್ಕ ಕೊಂಡಿ, ಸೇವೆ ಕೊಡುವವಳು, ಹಕ್ಕಿಗಾಗಿ ಜನರನ್ನು ಎಬ್ಬಿಸುವವಳು. ಕೇರಳವನ್ನೂ ಒಳಗೊಂಡು 2010–11ರಲ್ಲಿ ನಡೆದ ರಾಷ್ಟ್ರೀಯ ಮೌಲ್ಯಮಾಪನ ಈ ಮೂರು ಪಾತ್ರಗಳನ್ನು ಅಳೆದು ನೋಡಿತು. ಆಸ್ಪತ್ರೆಗೆ ಕರೆದೊಯ್ಯುವುದು, ಲಸಿಕೆ ಹಾಕಿಸುವುದು ಚೆನ್ನಾಗಿ ನಡೆದಿತ್ತು, ಮೂರನೆಯದು ಬಡಕಲಾಗಿತ್ತು. ಕೇಸಿನ ಹಣಕ್ಕಾಗಿ ಆಸ್ಪತ್ರೆಯ ಸಹಿಗೆ ಕಾಯುವವಳು ಅದೇ ಆಸ್ಪತ್ರೆಯ ವಿರುದ್ಧ ದನಿ ಎತ್ತಬೇಕೆಂದರೆ ಹೇಗೆ?

ಕಾರ್ಮಿಕ ಪಂಥ ಇಲ್ಲಿಂದ ಹೊರಡುತ್ತದೆ. 2013ರ ಭಾರತೀಯ ಕಾರ್ಮಿಕ ಸಮ್ಮೇಳನ ಯೋಜನಾ ಕಾರ್ಯಕರ್ತೆಯರನ್ನು ಕೆಲಸಗಾರರೆಂದು ಗುರುತಿಸಲು ಶಿಫಾರಸು ಮಾಡಿತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಗೆ ಚಪ್ಪಾಳೆ ತಟ್ಟಲು ಯಾರಿಗೂ ಖರ್ಚಿಲ್ಲ. ಕರ್ನಾಟಕದ 40 ಸಾವಿರಕ್ಕೂ ಹೆಚ್ಚು ಆಶಾಗಳು 2020ರ ಜುಲೈನಲ್ಲಿ, ಕೋವಿಡ್ ನಡುವೆಯೇ, 12,000 ರೂಪಾಯಿ ನಿಶ್ಚಿತ ವೇತನಕ್ಕಾಗಿ ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಿದರು. ತಿಂಗಳಿಗೆ ಕನಿಷ್ಠ 10,000 ಎಂಬ ಭರವಸೆ ಮುಖ್ಯಮಂತ್ರಿಗಳಿಂದ ಬಂತು. ಅದು ಈಡೇರಲಿಲ್ಲವೆಂದು ಅದೇ ವರ್ಷ ಮತ್ತೆ ಬೀದಿಗಿಳಿದರು. ಪಾಕಿಸ್ತಾನ ತನ್ನ ಲೇಡಿ ಹೆಲ್ತ್ ವರ್ಕರ್‌ಗಳನ್ನು ದೀರ್ಘ ಹೋರಾಟ, ಕೋರ್ಟ್ ಕಟ್ಟೆಯ ನಂತರ ಸರ್ಕಾರಿ ನೌಕರಿಗೆ ಸೇರಿಸಿಕೊಂಡ ಉದಾಹರಣೆ ಪಕ್ಕದಲ್ಲೇ ಇದೆ.

ಸಂಬಳದ ಜಗಳವನ್ನು ಕುಟುಂಬ ಯೋಜನೆಯ ಚರ್ಚೆಯಿಂದ ಬೇರೆ ಇಟ್ಟು ನೋಡುವ ಅಭ್ಯಾಸ ತಪ್ಪು. ನಿಶ್ಚಿತ ವೇತನವಿರುವ ಆಶಾ ಹೊಸ ಸೊಸೆಯ ಎದುರು ಐದು ವಿಧಾನಗಳನ್ನು ಸಮನಾಗಿ ಇಟ್ಟು, ಆಕೆ ಯಾವುದೂ ಬೇಡವೆಂದರೆ ನೆಮ್ಮದಿಯಿಂದ ಎದ್ದುಬರಬಹುದು. ಕೇಸಿಗಿಷ್ಟು ಎಂದು ಬದುಕುವವಳಿಗೆ ಆ ‘ಬೇಡ’ ನಷ್ಟ. ಹೆಂಗಸಿನ ಆಯ್ಕೆ ಎಷ್ಟು ಅಗಲ ಎಂಬುದು ಬಹುಮಟ್ಟಿಗೆ ಆಶಾಳ ಪಾವತಿ ಚೀಟಿಯಲ್ಲೇ ತೀರ್ಮಾನವಾಗುತ್ತದೆ. ಸಂಬಳ ಕೊಟ್ಟರೆ ಆಕೆ ಕಚೇರಿಯ ಗುಮಾಸ್ತಳಾಗಿಬಿಡುತ್ತಾಳೆ, ನೆರೆಹೊರೆಯ ಸಲುಗೆ ಹೋಗುತ್ತದೆ ಎನ್ನುವವರೂ ಇದ್ದಾರೆ. ಅಂಥ ಆತಂಕ ವೈದ್ಯರ ಸಂಬಳದ ವಿಷಯದಲ್ಲಿ ಯಾರಿಗೂ ಬರುವುದಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ನಾಲ್ಕೂ ಪಂಥಗಳು ಮುಟ್ಟದ ಜಾಗಗಳಿವೆ. ಆಶಾಳ ‘ಅರ್ಹ ದಂಪತಿ’ ಪುಸ್ತಕದಲ್ಲಿ ಮದುವೆಯಾದವರಿಗಷ್ಟೇ ಜಾಗ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದು ಎಂದಿತು. ಕಾನೂನು ಅಷ್ಟು ದೂರ ಬಂದರೂ ಅದೇ ಊರಿನ ಅಕ್ಕನೊಬ್ಬಳ ಬಳಿ ಅವಿವಾಹಿತ ಹುಡುಗಿ ಮಾತ್ರೆ ಕೇಳಬಲ್ಲಳೇ? ನೆರೆಯವಳು ಎಂಬ ಗುಣವೇ ಇಲ್ಲಿ ಅಡ್ಡಿಯಾಗಬಹುದು.

ಕೇರಳದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಾಗುವ ಹೆರಿಗೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದ ತಾಯಂದಿರಿಗೆ ಸಲಹೆ ಸಿಗುವುದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ. ತ್ರಿಪ್ಪುಣಿತ್ತುರದಂಥ ಊರು ಕೊಚ್ಚಿಯ ಫ್ಲಾಟುಗಳಲ್ಲಿ ಬೆರೆತುಹೋಗುತ್ತಿರುವಾಗ ಸೆಕ್ಯುರಿಟಿ ಗೇಟು ದಾಟಿ ಹೋಗುವ ಆಶಾಳಿಗೆ ಅಲ್ಲಿ ಏನು ಕೆಲಸ? ಸದ್ಯಕ್ಕೆ ಆಕೆಯ ಬಹುಪಾಲು ಹೊತ್ತು ಬಿಪಿ, ಸಕ್ಕರೆ ಕಾಯಿಲೆಯ ಸಮೀಕ್ಷೆ, ಜ್ವರದ ಲೆಕ್ಕ, ಹಾಸಿಗೆ ಹಿಡಿದ ಮುದುಕರ ಆರೈಕೆಗೆ ಹೋಗುತ್ತಿದೆ. ಗಡಿಯ ಮಂಜೇಶ್ವರದಲ್ಲಿ ತೊಡಕು ಬೇರೆ: ಮನೆಮಾತು ಕನ್ನಡವೋ ತುಳುವೋ, ಇಲಾಖೆಯ ವ್ಯವಹಾರ ಮಲಯಾಳದಲ್ಲಿ, ಆಸ್ಪತ್ರೆ ಬಹುತೇಕರಿಗೆ ಮಂಗಳೂರಿನದು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂದು ಎಲ್ಲರಿಗೂ ಕಂಡಿತು. ಅಂಥ ಮಹಿಳೆಗೆ ಮಂಗಳೂರಿನಲ್ಲಿ ಹಾಕಿದ ವಂಕಿಯಿಂದ ತೊಂದರೆಯಾದರೆ ಯಾವ ರಾಜ್ಯದ ಆಶಾ ವಿಚಾರಿಸಬೇಕು?

ಗಂಡಸರನ್ನು ಮರಳಿ ಕರೆತರುವುದು ಹೇಗೆಂದೂ ಯಾರಿಗೂ ತಿಳಿದಿಲ್ಲ. ಹೆಣ್ಣುಮಗಳಾದ ಆಶಾ ಪರಗಂಡಸಿನೊಂದಿಗೆ ವ್ಯಾಸೆಕ್ಟಮಿ ಮಾತಾಡುವುದು ನಮ್ಮ ಹಳ್ಳಿಗಳಲ್ಲಿ ಸುಲಭವಲ್ಲ. 1977ರಲ್ಲಿ ಶುರುವಾದ ಗಂಡಸು ಕಾರ್ಯಕರ್ತರ ಪ್ರಯೋಗ ಸೋತಿತ್ತು, ಆದರೆ ಅದು ಸೋತದ್ದು ಗಂಡಸರೆಂಬ ಕಾರಣಕ್ಕೋ 50 ರೂಪಾಯಿಯ ಕಾರಣಕ್ಕೋ ಎಂದು ಬೇರ್ಪಡಿಸಿ ನೋಡಿದವರಿಲ್ಲ.

ಈ ನಡುವೆ ಗಾಳಿಯ ದಿಕ್ಕೇ ತಿರುಗುತ್ತಿದೆ. 2021ರ ಅಂದಾಜಿನಂತೆ ಕೇರಳದ ಫಲವತ್ತತೆ ದರ 1.5, ಕರ್ನಾಟಕದ್ದು 1.6. 2011ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಸಮಿತಿ ಎರಡಕ್ಕಿಂತ ಹೆಚ್ಚು ಮಕ್ಕಳಾದರೆ ದಂಡ ಹಾಕುವ ಸಲಹೆ ಮಾಡಿದ್ದ ಕೇರಳದಲ್ಲೇ ಈಗ ಮುಪ್ಪಿನ ಚಿಂತೆ. ಆಂಧ್ರದ ಮುಖ್ಯಮಂತ್ರಿ 2024ರಲ್ಲಿ ಹೆಚ್ಚು ಮಕ್ಕಳನ್ನು ಹೆರಿ ಎಂದರು. ಸ್ಥಳೀಯ ಚುನಾವಣೆಗೆ ಇದ್ದ ಇಬ್ಬರು ಮಕ್ಕಳ ನಿಯಮ ಅಲ್ಲಿ ರದ್ದಾಯಿತು. ನಾಳೆ ಸರ್ಕಾರಗಳ ಮನಸ್ಸು ಇನ್ನಷ್ಟು ಬದಲಾದರೆ ಆಶಾಳ ದರಪಟ್ಟಿಯಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ? ಮಕ್ಕಳು ಬೇಡವೆನ್ನುವ ಹೆಂಗಸಿಗೆ ಆಗಲೂ ಮಾತ್ರೆ ತಂದುಕೊಡುವವರು ಇರುತ್ತಾರೆಯೇ ಎಂಬುದು ಒಂದು ಪ್ರಶ್ನೆ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳ ಬಳಿ, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಆರು ತಿಂಗಳಿಗೊಮ್ಮೆ ಜಾಗ ಬದಲಿಸುವ ಅಸ್ಸಾಂ, ಒಡಿಶಾ, ರಾಯಚೂರಿನ ದಂಪತಿಗಳ ಹೆಸರು ಯಾವ ಆಶಾಳ ಪುಸ್ತಕಕ್ಕೆ ಸೇರಬೇಕು ಎಂಬುದು, ಅಷ್ಟರವರೆಗೂ ಕಾಯಲಾಗದ ಇನ್ನೊಂದು.